ಮಗಳ ಮೇಜಿನ ಪರದೆ

ಆ ದಿನ ಪರೀಕ್ಷೆ ಬರೆಯಬೇಕಾದವರಲ್ಲಿ ಕಣ್ಣು ಕಾಣುವವರು ಒಬ್ಬರೂ ಇರಲಿಲ್ಲ. ಪರದೆಯ ಮೇಲೆ ಬಂದದ್ದನ್ನು ಕಂಪ್ಯೂಟರೇ ಓದಿ ಅವರ ಕಿವಿಗೆ ಹೇಳಬೇಕು. ಹಾಗೆ ಅದರ ಬಾಯಿ ಬಿಡಿಸುವುದು ವೈರಣ್ಣನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹೆಗಲ ಮೇಲೆ ಸದಾ ಕೇಬಲ್ಲಿನ ಸುರುಳಿ ಹೊತ್ತು ಓಡಾಡಿ ಅದು ಎಲ್ಲೋ ಕಳಚಿ ಬಿದ್ದಿತ್ತು.

ಹಾಡು ಹಾಕಿ "ಸೌಂಡ್ ಬಂತು" ಎಂದು ಎದ್ದುಹೋಗುವ ಪೈಕಿಯವನಲ್ಲ ಅವನು. ಬೆಳಗ್ಗೆಯೇ ಬಂದು ಒಂದೊಂದು ಮೇಜಿಗೂ ಕೂತು, ಇಯರ್‌ಫೋನ್ ಹಾಕಿಕೊಂಡು, ಓದುವ ದನಿಯನ್ನು ಕಿವಿಯಾರೆ ಕೇಳಿದ. ಒಂದೇ ಕಿವಿಯಲ್ಲಿ ಬರುತ್ತಿದ್ದುದನ್ನು ಕಿತ್ತು ಬೇರೆ ಸಿಕ್ಕಿಸಿದ. ಕಡೆಯ ಮೇಜು ಮಗಳದು. ಅಲ್ಲೂ ದನಿ ನೀಟಾಗಿತ್ತು. ಪರದೆ ಮಾತ್ರ ಹಳೆಯದು, ಅಂಚಿಗೆಲ್ಲ ಕಪ್ಪು ಹಿಡಿದಿತ್ತು. ಸ್ಟೋರಿನಲ್ಲಿ ಹೊಸದೊಂದು ದೊಡ್ಡ ಪರದೆ ಪೆಟ್ಟಿಗೆ ಒಡೆಯದೆ ಕೂತಿತ್ತು. ಮಗಳಿಗೆ ಹಳೆಯದಾದರೇನು, ಹೊಸದಾದರೇನು? ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಹಳೆಯದನ್ನು ಇಳಿಸಿ, ಹೊಸದನ್ನು ಅದರ ಪೆಟ್ಟಿಗೆಯಲ್ಲೇ ಬಂದಿದ್ದ ದಪ್ಪ ಕೇಬಲ್ಲಿನಲ್ಲಿ ಜೋಡಿಸಿ, ಅಂಗಿಯ ತುದಿಯಿಂದ ಒರೆಸಿ, ದೂರ ನಿಂತು ನೋಡಿದ. ಚೆನ್ನಾಗಿ ಕಾಣುತ್ತಿತ್ತು. ಇಯರ್‌ಫೋನ್ ಹಾಕಿ ಇನ್ನೊಮ್ಮೆ ಕೇಳಲಿಲ್ಲ. ಒಂದು ಸಲ ಕೇಳಿ ಆಗಿತ್ತಲ್ಲ.

"ಕೈ ಬೆವರ್ತಿದೆಯಲ್ಲಪ್ಪ, ಪರೀಕ್ಷೆ ನಿಂದಾ ನಂದಾ?" ಪರೀಕ್ಷೆಯ ಕೋಣೆಯ ಹೊರಗೆ ಪಡಸಾಲೆಯಲ್ಲಿ ಮಗಳು ಅವನ ಕೈ ಹಿಡಿದು ಕೇಳಿದಳು.

"ಓದೋ ದನಿ ನಿಧಾನಕ್ಕೆ ಇಟ್ಕೋ ಪುಟ್ಟಿ. ಅವಸರ ಬೇಡ."

"ನಿಧಾನಕ್ಕಿಟ್ರೆ ನೀನು ಮಾತಾಡಿದ ಹಾಗಿರುತ್ತೆ. ನಿದ್ದೆ ಬರುತ್ತೆ."

ವಯಸ್ಸಿನ ಮಿತಿ ದಾಟುವ ಮೊದಲು ಅವಳಿಗೆ ಇದೇ ಕೊನೆಯ ಅವಕಾಶ. ಪಾಸಾದರೆ ಕಚೇರಿಯಲ್ಲಿ ಕಾಯಂ ಕುರ್ಚಿ. ಇಲ್ಲವಾದರೆ ಅಣ್ಣ ಅತ್ತಿಗೆಯ ಮಕ್ಕಳನ್ನು ಆಡಿಸಿಕೊಂಡು ಮನೆಯಲ್ಲೇ ಇರುವುದು. ಅತ್ತಿಗೆ ಅದನ್ನು ಪ್ರೀತಿಯಿಂದಲೇ ಹೇಳುತ್ತಿದ್ದಳು, ಹಾಗಾಗಿ ಜಗಳವಾಡಲೂ ಬರುತ್ತಿರಲಿಲ್ಲ.

ಮಗಳು ಪರೀಕ್ಷೆಗೆ ಕೂರುತ್ತಿದ್ದಾಳೆಂದು ಮೇಲ್ವಿಚಾರಕಿಗೆ ಅವನೇ ಮೊದಲು ಹೇಳಿದ್ದ. "ಹಾಗಾದ್ರೆ ಗಂಟೆ ಹೊಡೆದ ಮೇಲೆ ಹೊಸಿಲು ದಾಟಬೇಡಿ" ಎಂದಿದ್ದರು ಆಕೆ. ಅವನಿಗೂ ಅದು ಸರಿ ಎನ್ನಿಸಿತ್ತು.

ಗಂಟೆ ಹೊಡೆಯಿತು. ಬಾಗಿಲ ಗಾಜಿನಾಚೆ ಎಲ್ಲರ ಬೆರಳೂ ಓಡತೊಡಗಿದವು. ಮಗಳು ಮಾತ್ರ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡಳು, ಬಿಟ್ಟಳು, ಮತ್ತೆ ಒತ್ತಿಕೊಂಡಳು. ಕೈ ಎತ್ತಿದಳು. ವೈರಣ್ಣ ಬಾಗಿಲು ಸ್ವಲ್ಪ ಸರಿಸಿದ.

"ನಂಗೇನೂ ಕೇಳಿಸ್ತಿಲ್ಲ ಮೇಡಂ."

ಮೇಲ್ವಿಚಾರಕಿ ಬಗ್ಗಿ ಪರದೆ ನೋಡಿದರು. "ಸೌಂಡ್ ಪೂರ್ತಿ ಇದೆಯಲ್ಲಮ್ಮ. ಹಸಿರು ಗೆರೆ ಕುಣೀತಿದೆ ನೋಡು."

"ನಾನೆಲ್ಲಿ ನೋಡ್ಲಿ ಮೇಡಂ? ವೈರ್ ಒಂದ್ಸಲ ಕಿತ್ತು ಹಾಕ್ಲಾ?"

"ಏನೂ ಮುಟ್ಟಬೇಡ."

ವೈರಣ್ಣನಿಗೆ ಆಗ ಹೊಳೆಯಿತು. ಆ ದಪ್ಪ ಕೇಬಲ್ಲು ಚಿತ್ರದ ಜೊತೆಗೆ ದನಿಯನ್ನೂ ಎಳೆದುಕೊಳ್ಳುತ್ತದೆ. ಕಂಪ್ಯೂಟರು ಓದುತ್ತಲೇ ಇದೆ, ಆದರೆ ಇಯರ್‌ಫೋನಿಗಲ್ಲ, ಸ್ಪೀಕರೇ ಇಲ್ಲದ ಆ ಹೊಸ ಪರದೆಗೆ.

"ಮೇಡಂ, ದನಿ ಪರದೆಗೆ ಹೋಗ್ತಿದೆ. ನಾನು ಬರಲ್ಲ, ನೀವೇ ಆ ಸ್ಪೀಕರ್ ಗುರುತು ಒತ್ತಿ ಇಯರ್‌ಫೋನ್ ಆರಿಸಿ. ಅಷ್ಟೇ."

"ಶುರುವಾದ ಮೇಲೆ ನಾನೂ ಮುಟ್ಟೋ ಹಾಗಿಲ್ಲ. ಬೇರೆ ಯಾರಿಗೂ ಇಲ್ಲದ ತೊಂದರೆ ನಿಮ್ಮ ಮಗಳಿಗೇ ಯಾಕೆ ಬಂತು?" ಎಂದು ಆಕೆ ಬಾಗಿಲು ಎಳೆದುಕೊಂಡರು.

ಮಗಳು ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ಕಡೆಯವರೆಗೂ ಕೂತಿದ್ದಳು, ಈಗ ಬಂದೀತು, ಇನ್ನೇನು ಬಂದೀತು ಎನ್ನುವ ಹಾಗೆ. ಅವಳೆದುರು ಪ್ರಶ್ನೆಗಳು ಥಳಥಳ ಹೊಳೆಯುತ್ತಿದ್ದವು. ಗಾಜಿನಾಚೆಯಿಂದ ವೈರಣ್ಣನಿಗೆ ಮೊದಲ ಪ್ರಶ್ನೆ ಓದಲೂ ಬರುತ್ತಿತ್ತು.

ಮುಗಿದ ಮೇಲೆ ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತ. ತಪ್ಪು ತನ್ನದೆಂದರೆ ಇಲ್ಲಿ ಇನ್ನು ಕೆಲಸ ಸಿಗುವುದಿಲ್ಲವೆಂದು ಗೊತ್ತಿತ್ತು. ಹೋದರೆ ಹೋಗಲಿ, ಮಗಳನ್ನು ಇನ್ನೊಂದು ಸಲ ಕೂರಿಸಿಯಾರು.

"ತಪ್ಪು ನಂದು ಮೇಡಂ. ಬೆಳಗ್ಗೆ ಪರೀಕ್ಷಿಸಿ ಆದ ಮೇಲೆ ಆ ಪರದೆ ಬದಲಾಯಿಸಿದೆ."

ಆಕೆ ತಲೆಯೆತ್ತಿದರು. "ಎಷ್ಟು ಮೇಜಿನದು?"

"ಒಂದೇ."

"ನಿಮ್ಮ ಮಗಳದು ಮಾತ್ರ."

"ಹೌದು."

"ಏನು ಮಾಡಿಬಿಟ್ರಿ?" ಆಕೆಯ ದನಿ ಒಮ್ಮೆಗೇ ಮೆತ್ತಗಾಯಿತು. ಅವನಿಗೆ ಹೆದರಿಕೆಯಾದದ್ದು ಅದಕ್ಕೇ. "ಯಂತ್ರ ತಾನಾಗಿ ಕೆಟ್ಟಿತ್ತು ಅಂದಿದ್ರೆ ನಾನೇ ಇನ್ನೊಂದು ಸಲ ಕೂರಿಸ್ತಿದ್ದೆ. ಅಪ್ಪನೇ ಮಗಳ ಯಂತ್ರಕ್ಕೆ ಮಾತ್ರ ಕೈ ಹಾಕಿದ್ದಾನೆ ಅಂದ್ರೆ, ಅದು ಅಕ್ರಮ. ಅವಳ ಹೆಸರೇ ತೆಗೀಬೇಕು."

"ಕೈ ಹಾಕಿದ್ದಲ್ಲ ಮೇಡಂ. ಹಳೇದು ಚೆನ್ನಾಗಿರಲಿಲ್ಲ, ಅದಕ್ಕೆ..."

"ಕಣ್ಣು ಕಾಣದವಳಿಗೆ ಒಳ್ಳೆ ಪರದೆ ಹಾಕಿದೆ ಅಂತ ನಾನು ಮೇಲಿನವರಿಗೆ ಹೇಳಿದ್ರೆ ಯಾರು ನಂಬ್ತಾರೆ ಹೇಳಿ."

ಹೊರಗೆ ಬೆಂಚಿನ ಮೇಲೆ ಕೂತ ಮಗಳಿಗೆ ಎಲ್ಲವೂ ಕೇಳಿಸಿತ್ತು. ಅವಳ ಪಕ್ಕ ಕೂರಲು ಅವನಿಗೆ ಧೈರ್ಯ ಬರಲಿಲ್ಲ.

"ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ಲಪ್ಪ" ಎಂದಳು, ಮೆಲ್ಲಗೆ. "ಬೆಳಗ್ಗೆನೂ. ಈಗಲೂ."

ಅವನು ಎಂದಿನಂತೆ ಅವಳ ಕೈಗೆ ತಾಗುವ ಹಾಗೆ ಮೊಣಕೈ ಮುಂದೆ ಮಾಡಿದ. ಅವಳು ಮಡಿಸಿದ್ದ ಕೋಲನ್ನು ಬಿಡಿಸಿ, ಗೋಡೆಗುಂಟ ತಟ್ಟುತ್ತ, ಮೆಟ್ಟಿಲ ಕಡೆಗೆ ಒಬ್ಬಳೇ ಹೊರಟಳು.