ಉಸಿರಿನ ಜಾಗ

"ಮಾಸ್ತ್ರೇ, ಮತ್ತೆ ಅಲ್ಲೇ ನಿಂತ್ರಿ," ಅಂದ ರೆಕಾರ್ಡಿಂಗ್ ಮಾಡುವ ಮಾಲತೇಶ್, ಗಾಜಿನ ಆಚೆಯಿಂದ. "ಕ್ಲಿಕ್ ಮುಂದೆ ಹೋತು, ನೀವು ಹಿಂದುಳಿದ್ರಿ."

ರುದ್ರಮುನಿ ಮಾಸ್ತರು ಕೀಬೋರ್ಡಿನಿಂದ ಕೈ ತೆಗೆದರು. ಹೆಡ್‌ಫೋನಿನಲ್ಲಿ ಲಯ ಎಣಿಸುವ ಆ ಕ್ಲಿಕ್ಕು ಟಕ್ ಟಕ್ ಎಂದು ಓಡುತ್ತಲೇ ಇತ್ತು. ದಾವಣಗೆರೆಯ ಈ ಸ್ಟುಡಿಯೋದ ಗೋಡೆಗೆಲ್ಲ ಸ್ಪಂಜು ಮೆತ್ತಿದ್ದರು. ಕೆಮ್ಮಿದರೆ ಕೆಮ್ಮು ಕೂಡ ಅಲ್ಲೇ ಸಾಯುತ್ತಿತ್ತು. ತಗಡಿನ ಥೇಟರುಗಳಲ್ಲಿ ಕಾಲುಪೇಟಿ ಹಾರ್ಮೋನಿಯಂ ತುಳಿದು, ನಾಟಕ ಕಂಪನಿ ಮುಚ್ಚಿದ ಮೇಲೆ ಕೀಬೋರ್ಡು ಹಿಡಿದ ಮನುಷ್ಯನಿಗೆ ಇದೊಂದು ಶಿಕ್ಷೆಯೇ.

"ಅಲ್ಲಿ ಆಕಿ ಉಸಿರು ತಗಂತಾಳಪ್ಪ," ಅಂದರು.

ಆಕೆ ಎಂದರೆ ರೇವತಿ. ರಂಗಗೀತೆ ಹಾಡುವವಳು, ಮಾಸ್ತರೇ ತಿದ್ದಿ ತೀಡಿದ ಗಂಟಲು. ಕಾರ್ಯಕ್ರಮ ಮಲೆಬೆನ್ನೂರಿನಲ್ಲಿರಲಿ, ಕೊಂಡಜ್ಜಿಯಲ್ಲಿರಲಿ, ಅವಳ ಪಕ್ಕ ಮಾಸ್ತರು ಇರಲೇಬೇಕಿತ್ತು. ಇನ್ನು ಬೇಡ. ಸಂಗೀತವನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಒಬ್ಬಳೇ ಹೋಗುತ್ತಾಳಂತೆ. "ಬಸ್ಸಿನಾಗೆ ಈ ಕೀಬೋರ್ಡು ಹೊತ್ಕಂಡು ತಿರುಗೋದು ನಿಮಗೂ ಕಷ್ಟ," ಎಂದು ಪ್ರೀತಿಯಿಂದಲೇ ಹೇಳಿದ್ದಳು. ಸಂಜೆ ಹೊತ್ತು ಅವಳು ಅಭ್ಯಾಸಕ್ಕೆ ಬರುತ್ತಿದ್ದುದನ್ನು ಬಿಟ್ಟರೆ, ಹರಿಹರದಲ್ಲಿ ಮಾಸ್ತರ ಕೋಣೆಯ ಬಾಗಿಲು ಬಡಿಯುವವನು ಕರೆಂಟ್ ಬಿಲ್ಲಿನವನೊಬ್ಬನೇ. ಇದನ್ನು ಅವರು ಅವಳಿಗೆ ಹೇಳಲಿಲ್ಲ. ಹೇಳುವ ಪೈಕಿಯವರೂ ಅಲ್ಲ.

"ಕಂಪ್ಯೂಟರಿನಾಗೆ ನೆಟ್ಟಗೆ ಮಾಡ್ಲಾ?" ಮಾಲತೇಶ್ ಕೇಳಿದ.

"ಮಾಡು. ಆಕಿನೇ ಹಾಡಿ ನೋಡ್ಲಿ, ಗೊತ್ತಾಗ್ತೈತೆ."

ಅಲ್ಲಿ ಉಸಿರು ಸಿಗದೆ ಅವಳು ಮುಗ್ಗರಿಸಬೇಕು, ಮತ್ತೆ ತಮ್ಮನ್ನೇ ಕರೆಯಬೇಕು ಎಂಬ ಆಸೆ ಒಳಗೊಳಗೇ ಇತ್ತು. ಅದಕ್ಕೆ ತಮಗೇ ನಾಚಿಕೆಯೂ ಆಯಿತು.

ಮಾಲತೇಶ್ ಆ ನಿಲುಗಡೆಯನ್ನು ಕತ್ತರಿಸಿ ತೆಗೆದ. ರೇವತಿ ಒಳಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಹಾಡಿದಳು. ಚರಣದ ಏರು ಸಾಲು ಬಂತು. ಮಾಸ್ತರು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ನಿಲ್ಲಲಿಲ್ಲ. ಒಂದೇ ದಮ್ಮಿಗೆ ಸಾಲು ಮುಗಿಸಿ, ಕೊನೆಯ ಸ್ವರವನ್ನು ಬೇಕಾದಷ್ಟು ಎಳೆದು ಬಿಟ್ಟಳು.

"ಅಲ್ಲವ್ವ, ಉಸಿರು?"

ರೇವತಿ ನಕ್ಕಳು. "ಮೊದಮೊದ್ಲು ಬೇಕಿತ್ತು ಮಾಸ್ತ್ರೇ. ಆಮೇಲೆ ಎಲ್ಲಿ ಬೇಕಿತ್ತು? ನೀವೇ ಅಲ್ಲಿ ನಿಲ್ತಿದ್ರಿ. ವಯಸ್ಸಾಗೈತೆ, ಬೆರಳು ಹಿಡೀತಾವೇನೋ ಅಂತ ನಾನೂ ನಿಲ್ತಿದ್ದೆ."

"ನನ್ನ ಸಲುವಾಗಿ?"

"ಮತ್ತೆ? ನಿಮ್ಮನ್ನ ಬಿಟ್ಟು ಮುಂದೆ ಹೋಗಕ್ಕಾಗ್ತೈತಾ?" ಅಂದವಳು, ಹೇಳಿದ ಮೇಲೆ ಅವರ ಮುಖ ನೋಡಿದಳು. "ಬೇಜಾರಾತೇನ್ರಿ?"

"ಇಲ್ಲವ್ವ. ಚಲೋ ಹಾಡ್ದಿ."

ಅವಳ ಫೋನು ಬಡಿದುಕೊಂಡಿತು. ಅದನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದಳು.

"ಮುಂದಿನ ಹಾಡು ಮಾಸ್ತ್ರೇ. ಕ್ಲಿಕ್ ಹಾಕ್ಲಾ?"

"ಹಾಕಪ್ಪ."

ಕಿವಿಯಲ್ಲಿ ಟಕ್ ಟಕ್ ಶುರುವಾಯಿತು. ಮಾಸ್ತರು ಅದರ ಜೊತೆಗೆ ಹೊರಟರು. ಪಲ್ಲವಿ ದಾಟಿದರು, ಚರಣ ದಾಟಿದರು, ಎಲ್ಲಿಯೂ ಯಾರಿಗೂ ಕಾಯದೆ ಕೊನೆಯವರೆಗೆ ಬಾರಿಸಿದರು.

"ಈ ಸಲ ಒಂದೂ ತಪ್ಪಿಲ್ಲ ನೋಡ್ರಿ," ಅಂದ ಮಾಲತೇಶ್.