ಒಣಗಿದ ವಾಷರ್

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಮಂದಿಯೆಲ್ಲ ಹೇಳುತ್ತಾರೆ. ಇರಬಹುದು. ಆ ಕೋಪದಲ್ಲೇ ನಾನು ಅಣ್ಣನ ಜೊತೆ ಪಂದ್ಯ ಕಟ್ಟಿದ್ದು. ಅಪ್ಪನ ಕೈಯಿಂದ ಕಾರಿನ ಕೀ ತೆಗೆದುಕೊಳ್ಳಬೇಕು ಅಂತ ಅವನು ಫೋನಿನಲ್ಲಿ ಒಂದೇ ಸಮನೆ ಹಟ ಹಿಡಿದಿದ್ದ. ಹಿಂದಿನ ವಾರ ಅಪ್ಪ ಹಾಲು ತರುತ್ತೇನೆ ಅಂತ ಕಾರು ತೆಗೆದುಕೊಂಡು ಹೋದವರು, ಊರಾಚೆಯ ಪೆಟ್ರೋಲ್ ಬಂಕಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ಸುಮ್ಮನೆ ಕೂತುಬಿಟ್ಟಿದ್ದರು. ಅಲ್ಲಿನವರು ಯಾರೋ ಅಣ್ಣನಿಗೆ ಫೋನ್ ಮಾಡಿದ್ದರು.

"ದಾರಿ ತಪ್ಪಿದ್ದಕ್ಕೆಲ್ಲ ಕೀ ಕಿತ್ತುಕೊಳ್ಳೋದಾದ್ರೆ ಮೊದಲು ನಿಂದು ಕಿತ್ಕೋಬೇಕು," ಅಂದೆ. "ನಿನ್ನ ಮಾವನ ಮನೆ ದಾರಿ ಇನ್ನೂ ನಿನಗೆ ಸರಿಯಾಗಿ ಗೊತ್ತಿಲ್ಲ."

"ತಮಾಷೆ ಅಲ್ಲ ಕಣೆ. ಯಾರಿಗಾದ್ರೂ ಗುದ್ದಿಬಿಟ್ರೆ?"

"ಅಪ್ಪ ಗುದ್ದೋದಾ? ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯೋದು ಕಲಿಸಿದ್ದಾರೆ ಕಣೋ ಅವರು! ನೋಡು, ಈ ಭಾನುವಾರ ಕಾರಿನ ಆಯಿಲ್ ಬದಲಾಯಿಸ್ತಾರೆ. ನಾನು ಪಕ್ಕದಲ್ಲೇ ನಿಂತು ನೋಡ್ತೀನಿ. ಎಲ್ಲಾ ಸರಿಯಾಗಿ ಮಾಡಿದ್ರೆ ಇನ್ಮೇಲೆ ಕೀ ಸುದ್ದಿ ಎತ್ತಕೂಡದು. ತಪ್ಪಿದ್ರೆ ನಾನೇ ಕೀ ಇಸ್ಕೋತೀನಿ."

"ಆಯ್ತು," ಅಂದ ಅಣ್ಣ. ಅಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಅಪ್ಪ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಕೆಲಸದ ಕಾಲವೆಲ್ಲ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕಳೆದವರು. ಆ ಸ್ಕೂಲಿನ ಕಾರಿನಲ್ಲಿ ಅವರ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಅಮ್ಮ ಬದುಕಿದ್ದಾಗ, "ನಿಮ್ಮಪ್ಪ ನಿದ್ದೆಯಲ್ಲೂ ಬ್ರೇಕ್ ಒತ್ತುತ್ತಾರೆ, ನನ್ನ ಕಾಲು ಉಳಿದಿದ್ದೇ ಹೆಚ್ಚು," ಅಂತ ಬಂದವರೆದುರೆಲ್ಲ ಹೇಳಿ ನಗಿಸುತ್ತಿದ್ದಳು. ದಿನವಿಡೀ ಪಕ್ಕದಲ್ಲಿ ಕೂರುವ ಮನುಷ್ಯನಿಗೆ ಸ್ವಂತ ಕಾರಿನ ಸ್ಟಿಯರಿಂಗ್ ಅಂದರೆ ಪ್ರಾಣ. ಆ ಕಾರನ್ನು ಬೇರೆ ಮೆಕ್ಯಾನಿಕ್ ಮುಟ್ಟುವ ಹಾಗಿರಲಿಲ್ಲ. ಆಯಿಲ್, ಫಿಲ್ಟರ್, ಬೆಲ್ಟು ಎಲ್ಲಾ ಅವರದೇ ಕೈ. ನಾನು ಫ್ರಾಕು ಹಾಕುತ್ತಿದ್ದ ಕಾಲದಿಂದಲೂ ಟಾರ್ಚ್ ಹಿಡಿಯುವವಳು, ಅಷ್ಟೇ.

ಟಾರ್ಚ್ ಹಿಡಿದು ಹಿಡಿದು ಅವರ ಪಾಠ ನನಗೆ ಬಾಯಿಪಾಠವಾಗಿತ್ತು. ಫಿಲ್ಟರ್ ತೆಗೆಯೋಕೆ ಸ್ಪ್ಯಾನರ್, ಹಾಕೋಕೆ ಬರೀ ಕೈ. ಹಾಕುವ ಮೊದಲು ಅದರ ರಬ್ಬರ್ ವಾಷರ್‌ಗೆ ಬೆರಳಲ್ಲಿ ಹೊಸ ಆಯಿಲ್ ಸವರಬೇಕು. ಒಣಗಿದ ವಾಷರ್ ಹಾಕಿ ಸ್ಪ್ಯಾನರ್‌ನಲ್ಲಿ ಬಿಗಿದರೆ ಇಂಜಿನ್‌ಗೇ ಕಚ್ಚಿಕೊಂಡುಬಿಡುತ್ತೆ, ಆಮೇಲೆ ದೇವರೇ ಬಂದರೂ ಬಿಚ್ಚೋಕಾಗಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಹಳೇ ಅಂಗಿ ಹಾಕಿಕೊಂಡು ಶೆಡ್ಡಿಗೆ ಬಂದರು. ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿದರು. ಕೆಳಗಿನ ಬೋಲ್ಟ್ ಬಿಚ್ಚಿ ಹಳೇ ಆಯಿಲನ್ನು ಪ್ಲಾಸ್ಟಿಕ್ ಟಬ್ಬಿಗೆ ಇಳಿಸಿದರು. ಅದು ಪೂರ್ತಿ ಸೋರಿದ ಮೇಲೆ ಬೋಲ್ಟ್ ವಾಪಸ್ ಹಾಕಿದರು. ಒಂದೇ ಒಂದು ಹನಿ ನೆಲಕ್ಕೆ ಬೀಳಲಿಲ್ಲ. ನಾನು ಒಳಗೊಳಗೇ ಬೀಗಿಹೋದೆ. ಅಣ್ಣನಿಗೆ ಏನೇನು ಅನ್ನಬೇಕು ಅಂತ ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಟ್ಟುಕೊಂಡೆ.

ಆಮೇಲೆ ಫಿಲ್ಟರಿನ ಸರದಿ. ನಮ್ಮ ಕಾರಿನಲ್ಲಿ ಅದು ಬಾನೆಟ್ ಎತ್ತಿದರೆ ಕೈಗೆ ಸಿಗುವ ಜಾಗದಲ್ಲೇ ಇದೆ, ಹಾಲಿನ ಪುಡಿ ಡಬ್ಬಿಯಷ್ಟು ದಪ್ಪಕ್ಕೆ. ಅಪ್ಪ ಬಟ್ಟೆ ಸುತ್ತಿ ತಿರುಗಿಸಿದರು. ಜಪ್ಪಯ್ಯ ಅನ್ನಲಿಲ್ಲ. ಸರಪಳಿ ಇರುವ ಸ್ಪ್ಯಾನರ್ ಹಾಕಿದರು, ಜಾರಿತು. ಇನ್ನೊಮ್ಮೆ ಹಾಕಿ ಜಗ್ಗಿದರೆ ಡಬ್ಬಿ ನಜ್ಜುಗುಜ್ಜಾಯಿತೇ ಹೊರತು ತಿರುಗಲಿಲ್ಲ.

"ಯಾವ ಅಡ್ನಾಡಿ ಇದನ್ನ ಬಿಗಿದಿರೋದು?" ಅಂತ ಅಪ್ಪ ರೇಗಿದರು. ಹಣೆಯ ಮೇಲೆಲ್ಲ ಬೆವರು. "ರಾಕ್ಷಸನ ಹಾಗೆ ಬಿಗಿದಿದ್ದಾನೆ ಮುಠ್ಠಾಳ!"

ನಾನು ಟಾರ್ಚ್ ಹತ್ತಿರ ತಂದೆ. ಇವತ್ತಿನ ಹೊಸ ಗೀರುಗಳ ಕೆಳಗೆ ಹಳೇ ಗೀರುಗಳೂ ಇದ್ದವು. ಅದೇ ಸರಪಳಿಯ ಹಲ್ಲುಗಳ ಗುರುತು. ಬಣ್ಣ ಕೆತ್ತಿಹೋದ ಕಡೆ ತುಕ್ಕು ಹಿಡಿದಿತ್ತು. ಹಿಂದಿನ ಸಲ, ಟಾರ್ಚ್ ಹಿಡಿಯೋಕೆ ನಾನು ಊರಲ್ಲಿಲ್ಲದಾಗ, ಯಾರೋ ಇದನ್ನು ಸ್ಪ್ಯಾನರ್ ಹಾಕಿ ಬಿಗಿದಿದ್ದರು. ಯಾರೋ ಅಂದರೆ ಯಾರು? ಈ ಕಾರನ್ನು ಮುಟ್ಟುವವರು ಇನ್ಯಾರಿದ್ದಾರೆ?

"ಮೆಕ್ಯಾನಿಕ್ ಹತ್ರ ಕೊಟ್ಟಿದ್ರಾ ಹೇಗೆ?" ಅಂದರು ಅಪ್ಪ, ನನ್ನ ಮುಖ ನೋಡುತ್ತಾ. ಕಣ್ಣಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ. ಅವರಿಗೆ ನಿಜವಾಗಿ ನೆನಪೇ ಇರಲಿಲ್ಲ.

"ನಾನೇ ಅಪ್ಪ," ಅಂದೆ. ಅದು ಹೇಗೆ ಬಾಯಿಗೆ ಬಂತೋ. "ಹಿಂದಿನ ಸಲ ನಿಮಗೆ ಮೈ ಹುಷಾರಿರಲಿಲ್ಲ ಅಲ್ವಾ, ನಾನೇ ಹಾಕಿದ್ದೆ."

"ನೀನಾ?" ಅಪ್ಪ ಸೊಂಟದ ಮೇಲೆ ಕೈಯಿಟ್ಟರು. "ಇಷ್ಟು ವರ್ಷ ಟಾರ್ಚ್ ಹಿಡಿದು ಏನು ಕಲಿತೆ? ಕತ್ತೆ! ಹಾಕೋಕೆ ಬರೀ ಕೈ ಅಂತ ಬಾಯಿ ಬಡ್ಕೊಂಡಿದ್ದೀನಲ್ಲ!" ಬೈಯುತ್ತಾ ಬೈಯುತ್ತಾ ಅವರ ಮುಖ ಅರಳಿತು. ಮತ್ತೆ ಮೇಷ್ಟ್ರಾಗಿದ್ದರು. ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಅಷ್ಟು ಖುಷಿಯಾಗಿ ಅಷ್ಟು ಸಂಕಟಪಟ್ಟಿದ್ದು ನನ್ನ ಜನ್ಮದಲ್ಲೇ ಇಲ್ಲ.

ಕೊನೆಗೆ ಉದ್ದನೆಯ ಸ್ಕ್ರೂಡ್ರೈವರನ್ನು ಡಬ್ಬಿಯ ಹೊಟ್ಟೆಗೆ ಸುತ್ತಿಗೆಯಿಂದ ಹೊಡೆದು ತೂರಿಸಿದೆವು. ಉಳಿದಿದ್ದ ಕಪ್ಪು ಆಯಿಲ್ ನನ್ನ ಮೊಣಕೈವರೆಗೆ ಇಳಿಯಿತು. ಇಬ್ಬರೂ ಸೇರಿ ಜಗ್ಗಿದೆವು. ತಗಡು ಹರಿಯಿತು, ಸ್ಕ್ರೂಡ್ರೈವರನ್ನು ಇನ್ನೊಂದು ಕಡೆ ತೂರಿಸಿದೆವು, ಮತ್ತೆ ಜಗ್ಗಿದೆವು. ಕೊನೆಗೆ ಪಟ್ ಅಂತ ಸಡಿಲವಾಯಿತು. ಡಬ್ಬಿ ಬಂತು, ವಾಷರ್ ಬರಲಿಲ್ಲ. ಅದು ಸುಟ್ಟ ರೊಟ್ಟಿ ಹೆಂಚಿಗೆ ಹಿಡಿಯುವ ಹಾಗೆ ಇಂಜಿನ್‌ಗೆ ಹಿಡಿದುಕೊಂಡಿತ್ತು. ಅಪ್ಪ ಅದನ್ನು ಚೂರುಚೂರಾಗಿ ಕೆರೆದು ತೆಗೆದು, ಒಂದು ಚೂರನ್ನು ನನ್ನ ಅಂಗೈಗೆ ಹಾಕಿದರು.

"ನೋಡು, ಆಯಿಲ್ ಸವರೇ ಇಲ್ಲ ನೀನು."

"ಹೂಂ ಅಪ್ಪ."

"ಈಗ ಸರಿಯಾಗಿ ನೋಡು. ಮೊದಲು ಏನು ಮಾಡಬೇಕು? ಬೆರಳನ್ನ ಹೊಸ ಆಯಿಲ್‌ನಲ್ಲಿ ಅದ್ದಬೇಕು. ವಾಷರ್ ಸುತ್ತ ಸವರಬೇಕು. ಗೊತ್ತಾಯ್ತಾ?" ಹೀಗೆ ಹೇಳುತ್ತಾ ಹೇಳುತ್ತಾ ಹೊಸ ಫಿಲ್ಟರನ್ನು ಡಬ್ಬದಿಂದ ತೆಗೆದು, ಹಾಗೇ ಒಣಗಿದ್ದನ್ನೇ ತಿರುಗಿಸತೊಡಗಿದರು. ಆಯಿಲ್ ಕ್ಯಾನಿನ ಮುಚ್ಚಳ ಇನ್ನೂ ತೆಗೆದೇ ಇರಲಿಲ್ಲ. ಬಾಯಿಗೆ ಎಲ್ಲಾ ನೆನಪಿತ್ತು, ಕೈಗೆ ಮಾತ್ರ ಮರೆತುಹೋಗಿತ್ತು.

ಹೇಳಿದರೆ ಪಂದ್ಯ ಸೋತ ಹಾಗೆ, ಹೇಳದಿದ್ದರೆ ಅಪ್ಪನಿಗೆ ಮೋಸ ಮಾಡಿದ ಹಾಗೆ. ಫಿಲ್ಟರ್ ಪೂರ್ತಿ ಕೂತಿತು. ಅಪ್ಪ ಇಂಜಿನ್ ಮೇಲಿಂದ ಕಣ್ಣು ತೆಗೆಯದೆ ಕೈ ಚಾಚಿದರು.

"ಸ್ಪ್ಯಾನರ್ ಕೊಡು."

ನಾನು ಕೊಡಲಿಲ್ಲ. ಕೊಡೋಕೆ ಕೈ ಏಳಲಿಲ್ಲ.

"ಏಯ್, ಸ್ಪ್ಯಾನರ್ ಕೊಡೇ!" ಅಂತ ಗದರಿಸಿ ತಿರುಗಿದರು. ನನ್ನ ಮುಖದಲ್ಲಿ ಏನು ಕಂಡಿತೋ. ಚಾಚಿದ ತಮ್ಮ ಕೈ ನೋಡಿಕೊಂಡರು. ಬೆರಳ ತುದಿ ಮೂಸಿದರು, ಒಂದಕ್ಕೊಂದು ಉಜ್ಜಿದರು. ಹಳೇ ಕಪ್ಪು ಆಯಿಲ್ ಬಿಟ್ಟರೆ ಏನಿಲ್ಲ. ಮುಚ್ಚಳ ತೆಗೆಯದ ಕ್ಯಾನ್ ಕಡೆ ನೋಡಿದರು, ಆಮೇಲೆ ಟಬ್ಬಿನಲ್ಲಿ ಬಿದ್ದಿದ್ದ ಹರಿದ ಡಬ್ಬಿಯನ್ನು ಎತ್ತಿ, ಆ ತುಕ್ಕು ಹಿಡಿದ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದರು.

"ನೀನು ಯಾವತ್ತೂ ಫಿಲ್ಟರ್ ಹಾಕಿಲ್ಲ," ಅಂದರು ಮೆಲ್ಲಗೆ.

ಅಪ್ಪ ಫಿಲ್ಟರನ್ನು ವಾಪಸ್ ತಿರುಗಿಸಿ ತೆಗೆದು ನನ್ನ ಕೈಗಿಟ್ಟರು. ಟಾರ್ಚ್ ಇಸಿದುಕೊಂಡರು.

"ಹಾಕು."

ಬೆರಳು ಅದ್ದಿದೆ, ಸವರಿದೆ, ಕೂರಿಸಿದೆ, ಬರೀ ಕೈಯಲ್ಲೇ ತಿರುಗಿಸಿದೆ. ನಾನು ಇನ್ನೂ ಸ್ವಲ್ಪ ಬಿಗಿಯಲು ಹೋದಾಗ ಅಪ್ಪ ನನ್ನ ಮಣಿಕಟ್ಟು ಹಿಡಿದರು. "ಸಾಕು ಮಗಾ," ಅಂದರು.

ಹೊಸ ಆಯಿಲ್ ಸುರಿದು, ಸೋರುತ್ತಿಲ್ಲ ಅಂತ ನೋಡಿ, ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅಣ್ಣನ ಫೋನು. "ಏನಾಯ್ತೇ?" ಅಂದ. "ನೀನು ಹೇಳಿದ್ದೇ ಸರಿ," ಅಂದೆ. ಗೆದ್ದವನು ಹಿಗ್ಗುತ್ತಾನೆ ಅಂದುಕೊಂಡಿದ್ದೆ. ಅವನು ಫೋನಿನಲ್ಲೇ ಅತ್ತುಬಿಟ್ಟ.

ಕೀ ಹೇಗೆ ಕೇಳಲಿ ಅಂದುಕೊಳ್ಳುತ್ತಾ ಶೆಡ್ಡಿಗೆ ಬಂದೆ. ಅಪ್ಪ ಡ್ರೈವರ್ ಕಡೆಯ ಬಾಗಿಲು ತೆಗೆದುಕೊಂಡು ನಿಂತಿದ್ದರು. ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು, ಕೀಯನ್ನು ಅಲ್ಲೇ ಸೀಟಿನ ಮೇಲೆ ಇಟ್ಟರು. ಆಮೇಲೆ ಕಾರು ಸುತ್ತಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

"ಆಯಿಲ್ ಬದಲಾಯಿಸಿದ ಮೇಲೆ ಒಂದು ಸುತ್ತು ಓಡಿಸಬೇಕು. ನಡಿ," ಅಂದರು.

ಓಡಿಸಿದೆ. ಕನ್ನಡಿ ನೋಡು, ಸಿಗ್ನಲ್ ಹಾಕು ಅಂತ ಅವರು ಏನೂ ಹೇಳಲಿಲ್ಲ. ಬೀದಿಯ ತಿರುವಿನಲ್ಲಿ ಅಡ್ಡ ಒಂದು ಸೈಕಲ್ ಬಂತು. ನನಗಿಂತ ಮೊದಲು ಅಪ್ಪನ ಕಾಲು ಒತ್ತಿತು, ಬರೀ ನೆಲವನ್ನು. ನಾನು ಬ್ರೇಕ್ ಹಾಕಿದೆ. ಸೈಕಲ್ ದಾಟಿಹೋಯಿತು.

ಅಪ್ಪ ತಮ್ಮ ಕಾಲನ್ನೇ ನೋಡುತ್ತಿದ್ದರು. "ಇಲ್ಲಿ ಬ್ರೇಕ್ ಇಲ್ಲ," ಅಂದರು.

"ಇಲ್ಲ ಅಪ್ಪ. ನನ್ನ ಹತ್ರ ಇದೆ."

"ಹಾಗಾದ್ರೆ ಇನ್ಮೇಲೆ ನೀನೇ ನೋಡ್ಕೋ," ಅಂದು ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.