ಸೋಮವಾರದ ನೊಗ

ಕರಬಸಪ್ಪನವರು ದಾರಿಯ ಬದಿಗೆ ಸರಿದು ನಡೆದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಹಳ್ಳಿಯ ಓಣಿಯಿರಲಿ, ಹೊಲದ ದಾರಿಯಿರಲಿ, ಶಿಗ್ಗಾಂವದ ಸಂತೆಯ ನೂಕುನುಗ್ಗಲಿರಲಿ, ಅವರ ಕಾಲು ತಾನಾಗಿಯೇ ನಟ್ಟನಡುವನ್ನು ಹುಡುಕಿಕೊಳ್ಳುತ್ತದೆ. ಹಿಂದಿನಿಂದ ಟ್ರ್ಯಾಕ್ಟರು ಎಷ್ಟು ಒದರಿಕೊಂಡರೂ ಅವರು ಅವಸರವಿಲ್ಲದೆ, ಬಲಗಾಲನ್ನು ತುಸು ಹೊರಗೆ ಚೆಲ್ಲುತ್ತ, ಬಿತ್ತುವವರ ಹದವಾದ ಹೆಜ್ಜೆಯಲ್ಲಿ ಸಾಗುತ್ತಾರೆ. ಸ್ವಲ್ಪ ಅಂಚಿಗೆ ಬನ್ನಿ ಎಂದರೆ ನಿಂತು, ತಿರುಗಿ, ವಿನಯದಿಂದಲೇ ಉತ್ತರ ಕೊಡುತ್ತಾರೆ: "ತಪ್ಪು ತಿಳೀಬ್ಯಾಡ್ರಿ, ನಾವು ಅಂಚಿಗೆ ಸರದಷ್ಟೂ ಅಂಚು ನಮ್ಮ ಕಡೆ ಸರೀತೈತ್ರಿ."

ಈ "ತಪ್ಪು ತಿಳೀಬ್ಯಾಡ್ರಿ" ಅವರ ಎಲ್ಲ ಮಾತಿನ ಮುನ್ನುಡಿ. ದುಂಡಸಿಯ ಸುತ್ತಿನ ಹಳ್ಳಿಗಳಲ್ಲಿ ಈ ಎರಡು ಶಬ್ದ ಕಿವಿಗೆ ಬಿದ್ದರೆ ಸಾಕು, ಪಂಚಾಯ್ತಿಯ ಸದಸ್ಯರು ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ಏಕೆಂದರೆ ಅದರ ಬೆನ್ನಿಗೆ ಬರುವ ಮಾತನ್ನು ತಪ್ಪು ತಿಳಿಯದಿರುವುದು ಮನುಷ್ಯಮಾತ್ರರಿಗೆ ಕಷ್ಟ. ಅರವತ್ತೆಂಟರ ವಯಸ್ಸು, ಸಣಕಲು ದೇಹ, ತಲೆಯ ಮೇಲೆ ಬಿಳಿ ಟೋಪಿ. ತಮ್ಮ ಮದುವೆಗೆಂದು ಹೊಲಿಸಿದ ಕಂದುಬಣ್ಣದ ಕೋಟನ್ನು ಬಿರುಬೇಸಿಗೆಯಲ್ಲೂ ಬಿಟ್ಟವರಲ್ಲ. ಅದರ ಒಳಜೇಬಿನಲ್ಲಿ ಎಂಟು ಮಡಿಕೆಯಾಗಿ ಕೂತಿರುವುದು ಊರಿನ ನಕಾಶೆ. ಬೆವರು ಹತ್ತಿ ಮಡಿಕೆಗಳು ಹರಿದು, ಊರು ಎಂಟು ತುಂಡಾಗಿದೆ. ಜೋಡಿಸಿ ತೋರಿಸುವ ವಿದ್ಯೆ ಅವರೊಬ್ಬರಿಗೇ ಗೊತ್ತು.

ಇಷ್ಟು ವಾರದ ಆರು ದಿನದ ಕರಬಸಪ್ಪನವರಾಯಿತು. ಸೋಮವಾರದವರು ಬೇರೆ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವ ಹಾಗಿಲ್ಲ. ಎತ್ತುಗಳಿಗೆ ಬಿಡುವಾದ ಆ ದಿನ ನೊಗವನ್ನು ಅವರು ತಮ್ಮ ಹೆಗಲಿಗೇರಿಸಿಕೊಳ್ಳುತ್ತಾರೆ. ಹಿಂಗತ್ತಿನ ಮೇಲೆ ಅಡ್ಡಲಾಗಿ ಇಟ್ಟು, ಎರಡೂ ಕೈಗಳನ್ನು ಅದರ ಮೇಲೆ ಚಾಚಿ, ಊರಿಂದ ಹಳ್ಳದಾಚೆಯ ಮಸಣದವರೆಗೆ ಹೋಗುವ ಹಳೆಯ ಚಕ್ಕಡಿದಾರಿಯ ನಡುವೆ ನಡೆಯುತ್ತಾರೆ. ನೊಗದ ಯಾವ ತುದಿಯೂ ಯಾರ ಬೇಲಿಗೂ ತಾಗಬಾರದು, ತಾಗಿದರೆ, ಜೋಡೆತ್ತು ಹೋಗುವಷ್ಟು ದಾರಿ ಇಲ್ಲಿಲ್ಲ ಎಂದು ತೋರಿಸುವಂತೆ ನಿಲ್ಲುತ್ತಾರೆ. ನಾನು ಶಿಗ್ಗಾಂವದಲ್ಲಿ ಪಾಠ ಹೇಳಿಕೊಂಡಿರುವವನು. ರಜೆ ಸಿಕ್ಕ ಕೆಲವು ಸೋಮವಾರ ಅವರ ಹಿಂದೆ ನಡೆದಿದ್ದೇನೆ, ಒಮ್ಮೆ ನೊಗವನ್ನೂ ಹೊತ್ತಿದ್ದೇನೆ. ಎರಡು ದಿನ ಕುತ್ತಿಗೆ ತಿರುಗಲಿಲ್ಲ.

ಇದೆಲ್ಲ ಶುರುವಾದದ್ದು ಐದು ವರ್ಷದ ಹಿಂದಿನ ಶ್ರಾವಣದಲ್ಲಿ. ಆ ಊರಲ್ಲಿ ಹೊಲವಿದ್ದವರು ತಮ್ಮ ತಮ್ಮ ಹೊಲದಲ್ಲೇ ಮಣ್ಣಾಗುತ್ತಾರೆ; ಹಳ್ಳದಾಚೆಯ ಮಸಣ ಬೇಕಾಗುವುದು ಗೇಣು ಹೊಲವೂ ಇಲ್ಲದ ಕೇರಿಯವರಿಗೆ ಮಾತ್ರ. ಹಾಗಾಗಿ ಆ ದಾರಿ ವರ್ಷವರ್ಷಕ್ಕೂ ಸೊರಗುತ್ತ ಬಂದದ್ದು ಹೊಲವಿದ್ದವರ ಕಣ್ಣಿಗೆ ಬೀಳಲೇ ಇಲ್ಲ. ಆ ಶ್ರಾವಣದ ಜಡಿಮಳೆಯಲ್ಲಿ ಕೇರಿಯ ಗುತ್ತೆಪ್ಪ ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಟ್ಟವರು ಇಬ್ಬರಿಬ್ಬರು ಜೋಡಿಯಾಗಿ ಕಾಲಿಡಲು ಜಾಗವಿಲ್ಲದೆ, ಒಬ್ಬನ ಹೆಜ್ಜೆ ಜಾರಿ, ಹೆಣ ಪಕ್ಕದ ಗೋವಿನಜೋಳದ ಕೆಸರಿಗೆ ಬಿತ್ತು. ಆ ಹೊಲ ಶಿಗ್ಗಾಂವದಲ್ಲಿ ಕಾಳಿನ ವ್ಯಾಪಾರವಿದ್ದ ಚನ್ನವೀರಪ್ಪನವರದು. ಎದುರಿನ ಹತ್ತಿಯ ಹೊಲ ಕರಬಸಪ್ಪನವರದು. ಅವರು ಅಲ್ಲೇ ನಿಂತಿದ್ದರು. ಕೇರಿಯ ಹೆಣಕ್ಕೆ ಊರಿನವರು ಕೈಹಚ್ಚುವ ರೂಢಿ ಇರಲಿಲ್ಲ. ಇವರು ಓಡಿಹೋಗಿ ಹಚ್ಚಿದರು.

ಗುತ್ತೆಪ್ಪನ ಹೆಂಡತಿ ಅಡಿವೆವ್ವ ಗಂಡನ ಮುಖದ ಕೆಸರನ್ನು ಸೆರಗಿನಿಂದ ಒರೆಸುತ್ತ, ಅಳದೆ, ಯಾರನ್ನೂ ಬೈಯದೆ ಕೇಳಿದರಂತೆ: "ಯಪ್ಪಾ, ಇರೂತನಕ ನಾವು ಬಗ್ಗೇ ನಡದ್ವಿ. ಸತ್ತ ಮ್ಯಾಲರ ನೆಟ್ಟಗ ಹೋಗಾಕ ಒಂದು ದಾರಿ ಬ್ಯಾಡನ್ರಿ? ನನ್ನ ಪಾಳಿಗರ ಆಕೈತೇನ್ರಿ?"

"ಆಕೈತಿ ಯವ್ವಾ" ಎಂದುಬಿಟ್ಟರು ಕರಬಸಪ್ಪನವರು. ಯೋಚನೆ ಮಾಡಿ ಆಡಿದ ಮಾತಲ್ಲ. ಬಾಯಿಂದ ಬಿದ್ದ ಮೇಲೆ ಅದನ್ನು ಹೊರುವುದು ತನ್ನ ಪಾಲಿನದು ಎಂದು ಅವರಿಗೆ ಮನೆ ಮುಟ್ಟುವಷ್ಟರಲ್ಲಿ ತಿಳಿದಿತ್ತು.

ಮರುಸೋಮವಾರವೇ ನೊಗ ಅವರ ಹೆಗಲೇರಿತು. ಆಮೇಲೆ ಅದು ಬಸ್ಸನ್ನೂ ಏರಿತು. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಸಿಪಾಯಿ ತಡೆದು, ಕಟ್ಟಿಗೆಯನ್ನು ಹೊರಗಿಟ್ಟು ಅರ್ಜಿಯನ್ನಷ್ಟೇ ಒಳಗೆ ತನ್ನಿ ಎಂದಾಗ ಅವರು ಹೇಳಿದ್ದು ಈಗ ಆ ಸೀಮೆಯಲ್ಲೆಲ್ಲ ಪ್ರಸಿದ್ಧ: "ತಪ್ಪು ತಿಳೀಬ್ಯಾಡ್ರಿ, ಅರ್ಜಿ ಇದ ಐತ್ರಿ. ನಾ ಬರೇ ಹೊತ್ತಾಂವ." ಕಚೇರಿಗೆ ಇಂಥ ಅರ್ಜಿಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ, ಕೊನೆಗೆ, ಅದು ಪ್ರತಿ ವಾರ ಬಂದು ಬಾಗಿಲಿಗೆ ಅಡ್ಡವಾಗುವುದನ್ನು ನೋಡಲಾರದೆ, ಅಳತೆಗೆ ದಿನ ಗೊತ್ತು ಮಾಡಿದರು. ಅಷ್ಟರಲ್ಲಿ ಸೋಮವಾರಗಳಂದು ಅವರ ಹಿಂದೆ ಕೇರಿಯ ಮೂವತ್ತು ನಲವತ್ತು ಜನ ನಡೆಯುತ್ತಿದ್ದರು. ಘೋಷಣೆಯಿಲ್ಲ, ಬಾವುಟವಿಲ್ಲ, ಮಸಣದವರೆಗೆ ಹೋಗಿ, ತಮ್ಮವರ ಗುಡ್ಡೆಗಳ ಮೇಲಿನ ಕಸ ಕಿತ್ತು, ತಿರುಗಿ ಬರುತ್ತಿದ್ದರು. ಮುಂದೆ ಅಡಿವೆವ್ವ, ಅವರ ಹಿಂದೆ ಅವರ ಎರಡು ಆಡು.

ಅಳತೆಯ ದಿನ ಇಡೀ ಊರೇ ಬಂದು ನಿಂತಿತ್ತು. ದಾರಿಯನ್ನು ನುಂಗಿದವರು ಚನ್ನವೀರಪ್ಪನವರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಕರಬಸಪ್ಪನವರಿಗಂತೂ ಮೊದಲೇ ಇರಲಿಲ್ಲ. ಹೋದಬಂದಲ್ಲಿ ಅದನ್ನೇ ಹೇಳಿದ್ದರು. ಸರ್ವೇಯವರು ಸರಪಳಿ ಎಳೆದು, ಎರಡು ಸಲ ಕೂಡಿಸಿ ಕಳೆದು ಹೇಳಿದರು: ನಕಾಶೆಯ ಪ್ರಕಾರ ದಾರಿ ಹನ್ನೆರಡು ಮೊಳ, ಉಳಿದಿರುವುದು ಮೂರು. ಗೋವಿನಜೋಳದ ಹೊಲ ತಿಂದದ್ದು ಮೂರು ಮೊಳ. ಹತ್ತಿಯ ಹೊಲ ತಿಂದದ್ದು ಆರು.

ಚನ್ನವೀರಪ್ಪನವರು ಹಳ್ಳದಾಚೆಗೂ ಕೇಳುವಂತೆ ನಕ್ಕರು. ಕರಬಸಪ್ಪನವರು ನೊಗವನ್ನೆತ್ತಿಕೊಂಡು, ಅಂದು ಮಾತ್ರ ಯಾರಿಗೂ ತಪ್ಪು ತಿಳಿಯಬೇಡಿ ಎನ್ನದೆ, ಮನೆಗೆ ಹೋದರು. ಕಳವು ಮಾಡಿದ ನೆನಪು ಅವರಿಗಿರಲಿಲ್ಲ. ಇದ್ದದ್ದು ನೇಗಿಲು ಹೊಡೆದ ನೆನಪು. ದಾರಿಯ ಅಂಚಿನಲ್ಲಿ ಎತ್ತು ತಿರುಗಿಸುವಾಗ ಒಂದು ಸಾಲು ಆಚೆ ಹೋಗುತ್ತದೆ. ಹೋದ ಸಾಲಿಗೆ ಕಾಳು ಬೀಳುತ್ತದೆ. ಮುಂದಿನ ವರ್ಷ ಅದೇ ಅಂಚಾಗುತ್ತದೆ. ಅಪ್ಪ ಹಾಗೆ ತಿರುಗಿಸುತ್ತಿದ್ದರು, ಇವರೂ ತಿರುಗಿಸಿದರು. ಒಕ್ಕಲುತನದ ಕೈರೂಢಿಯದು, ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ಮುಂದಿನ ಸೋಮವಾರ ನೊಗ ಹೊರಬೀಳಲಿಲ್ಲ. ಕೇರಿಯ ಜನ ಊರ ಅಗಸಿಯ ಬಾಗಿಲಲ್ಲಿ ಕಾದು ಚದುರಿದರು. ಹೆಂಡತಿ ಸುಶೀಲವ್ವ ಅಂದು ಹೇಳಿದ್ದನ್ನು ಕರಬಸಪ್ಪನವರೇ ನನಗೆ ನಗುತ್ತ ಹೇಳಿದ್ದು, ಆದರೆ ಅಂದು ನಕ್ಕಿರಲಾರರು. ರೊಟ್ಟಿ ಬಡಿಯುತ್ತ, ತಲೆಯೆತ್ತದೆ ಆಕೆ ಕೇಳಿದರಂತೆ: "ನೊಗ ಗ್ವಾಡಿಗೆ ಒರಗೇತಲ್ರಿ. ಕಾಲು ನೋಯಾಕತ್ತೈತೇನು, ಮಾರಿ ನೋಯಾಕತ್ತೈತೇನು?" ರೊಟ್ಟಿಯನ್ನು ಹೆಂಚಿಗೆ ಹಾಕಿ, "ಆ ಯವ್ವಗ ನೀವ ಮಾತು ಕೊಟ್ಟೀರಿ. ಚನ್ನವೀರಪ್ಪ ಕೊಟ್ಟಿಲ್ಲ" ಎಂದರಂತೆ.

ಮರುದಿನ ಗಂಡ ಹೆಂಡತಿ ಇಬ್ಬರೂ ಹೊಲಕ್ಕೆ ಹೋದರು. ಹತ್ತಿ ಆಗ ತುಂಬು ಕಾಯಿಯಲ್ಲಿತ್ತು, ಇನ್ನು ಹದಿನೈದು ದಿನಕ್ಕೆ ಒಡೆಯುವಂಥದ್ದು. ಆರು ಮೊಳದ ಅಗಲಕ್ಕೆ, ಹೊಲದ ಉದ್ದಕ್ಕೂ, ಒಂದೊಂದೇ ಗಿಡವನ್ನು ಬೇರುಸಹಿತ ಕಿತ್ತು ದಾರಿಯನ್ನು ಬಿಡಿಸಿದರು. ಹದಿನೈದು ದಿನ ತಡೆಯಬಹುದಿತ್ತಲ್ಲ ಎಂದು ನಾನು ಕೇಳಿದ್ದುಂಟು. "ತಪ್ಪು ತಿಳೀಬ್ಯಾಡ್ರಿ ಸರ, ಹತ್ತಿ ಒಡದಿದ್ರ ನನ್ನ ಮನಸ್ಸೂ ಒಡೀತಿತ್ರಿ" ಎಂದರು. ಆ ಆರು ಮೊಳದೊಳಗೆ ಅವರಪ್ಪ ನೆಟ್ಟ ಬೇವಿನ ಗಿಡವೊಂದಿತ್ತು. ಅದನ್ನು ಕಡಿಯಲಿಲ್ಲ, ದಾರಿಯ ಅಂಚಿಗೆ ಅದು ದಾರಿಯದಾಗಿಯೇ ಉಳಿಯಿತು.

ಮೂರನೆಯ ವಾರ ಚನ್ನವೀರಪ್ಪನವರು ತಾವೇ ಬಂದು ತಮ್ಮ ಮುಳ್ಳುತಂತಿಯ ಕಂಬಗಳನ್ನು ಕೀಳಿಸಿದರು. ಯಾರೂ ಹೊಗಳಬಾರದೆಂದು ಮೊದಲೇ ಗೊಣಗಿಕೊಂಡರು: "ಈ ಹುಚ್ಚನ ಮುಂದ ನಾ ಒಬ್ಬಾವ ಶ್ಯಾಣ್ಯಾ ಆಗಿ ಕುಂದ್ರಾಕ ನನಗ ನಾಚಿಕಿ ಬರಾಕತ್ತೈತ್ರಿ." ಅವರನ್ನು ನಾನು ಮನಸ್ಸಿನಲ್ಲಿ ಹೊಗಳಿದ್ದೇನೆ.

ಆಮೇಲೆ ಸುತ್ತಲಿನ ಸೀಮೆಯಿಂದ ಕರೆಗಳು ಬಂದವು. ಹಾನಗಲ್ಲಿನ ಕಡೆ ಕೆರೆಯಂಗಳ, ಸವಣೂರಿನ ಕಡೆ ಆಟದ ಬಯಲು, ಹಿರೇಕೆರೂರಿನ ಕಡೆ ದನ ಮೇಯುವ ಗಾಯರಾಣ. ಎಲ್ಲೆಲ್ಲಿ ಎಲ್ಲರದ್ದಾದ ನೆಲವನ್ನು ಯಾರೋ ಒತ್ತುತ್ತಿದ್ದರೋ ಅಲ್ಲಿಂದೆಲ್ಲ. ಕರಬಸಪ್ಪನವರು ಹೋಗುತ್ತಾರೆ, ಸೋಮವಾರ ಮಾತ್ರ. ಹೋದವರು ಭಾಷಣ ಮಾಡುವುದಿಲ್ಲ. ಚಹಾ ಕುಡಿದು, ಟೋಪಿ ಸರಿಪಡಿಸಿಕೊಂಡು, "ತಪ್ಪು ತಿಳೀಬ್ಯಾಡ್ರಿ, ಮೊದಲ ನನ್ನ ಕರದವರ ಹೊಲ ಅಳಿಯೂನು" ಎನ್ನುತ್ತಾರೆ. ಇದನ್ನು ಕೇಳಿ ಅರ್ಧಕ್ಕರ್ಧ ಊರುಗಳು ಅವರಿಗೆ ಊಟ ಹಾಕಿ, ಆದರದಿಂದ ಬಸ್ಸಿಗೆ ಹತ್ತಿಸಿ ಕಳಿಸಿವೆ. ಉಳಿದ ಅರ್ಧ ಊರುಗಳಲ್ಲಿ ಈಗ ದನಗಳು ಮೇಯುತ್ತಿವೆ, ಮಕ್ಕಳು ಆಡುತ್ತಿದ್ದಾರೆ.

ಊರಲ್ಲಿದ್ದಾಗ ಆ ಬೇವಿನ ಗಿಡದ ಕಡೆ ಹೋದರೆ, ಅಲ್ಲಿ ಆಡು ಮೇಯಿಸುತ್ತ ಕೂತ ಅಡಿವೆವ್ವನನ್ನು ಕೇಳಿಯೇ ಕೂಡುತ್ತಿದ್ದರು: "ಯವ್ವಾ, ನೆಳ್ಳಾಗ ಕುಂದರಲೇನ?" ಆ ಮುದುಕಿಯೂ ಗಂಭೀರವಾಗಿ ಸುತ್ತ ನೋಡಿ, "ಜಾಗಾ ಐತಿ, ಕುಂದರ್ರಿ ಯಪ್ಪಾ" ಎಂದು ಅಪ್ಪಣೆ ಕೊಡುತ್ತಿದ್ದರು. ಆಮೇಲೆ ಇಬ್ಬರೂ ನಗುತ್ತಿದ್ದರು. ಇಬ್ಬರ ಬಾಯಲ್ಲೂ ಹಲ್ಲು ಕಡಿಮೆ.

ಈ ವರ್ಷದ ಮಳೆಗಾಲದಲ್ಲಿ ಅಡಿವೆವ್ವ ಹೋದರು. ಅಂದೂ ಮಳೆಯಿತ್ತು. ನಾನು ಹೋಗಿದ್ದೆ. ಹೆಗಲು ಕೊಟ್ಟವರು ಇಬ್ಬರಿಬ್ಬರು ಜೋಡಿಯಾಗಿ, ಎರಡೂ ಪಕ್ಕದಲ್ಲಿ ಜನ ನಡೆದರೂ ಇನ್ನೂ ಜಾಗ ಮಿಗುವಂತೆ, ಹನ್ನೆರಡು ಮೊಳದ ದಾರಿಯಲ್ಲಿ ನೆಟ್ಟಗೆ ಹೊರಟರು. ಬೇವಿನ ಗಿಡದ ಕೆಳಗೆ ಇಳಿಸಿ, ಹೆಗಲು ಬದಲಿಸಿ, ಮತ್ತೆ ಎತ್ತಿದರು. ಯಾರ ಕಾಲೂ ಜಾರಲಿಲ್ಲ. ಕರಬಸಪ್ಪನವರು ಮುಂದೆ, ತಮ್ಮ ಪದ್ಧತಿಯಂತೆ ನಡುದಾರಿಯಲ್ಲಿ ನಡೆಯುತ್ತಿದ್ದವರು, ಚಟ್ಟ ಹತ್ತಿರ ಬಂದಾಗ ನಿಂತರು, ತಲೆಯ ಟೋಪಿ ತೆಗೆದರು, ದಾರಿಯ ಅಂಚಿಗೆ ಸರಿದು ನಿಂತು ಕೈಮುಗಿದರು. ಅವರು ಬದಿಗೆ ಸರಿದದ್ದನ್ನು ಊರು ಕಂಡದ್ದು ಅದೇ ಮೊದಲು. ನನ್ನ ಕಣ್ಣು ತುಂಬಿ ಬಂತು. ಅದು ದುಃಖವಷ್ಟೇ ಆಗಿರಲಿಲ್ಲ.

ಇಂಥವರು ನಮ್ಮ ಹಳ್ಳಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರ ಹಟ ನಮಗೆ ಕಿರಿಕಿರಿ. ದಾರಿಗೆ ಅಡ್ಡ ನಿಂತವರೆಂದೇ ನಾವು ಅವರನ್ನು ಬಹುಕಾಲ ತಿಳಿದಿರುತ್ತೇವೆ. ನ್ಯಾಯವನ್ನು ಎದುರಿನ ಹೊಲದಿಂದ ಕೇಳಲು ಹೊರಟು, ಅದನ್ನು ತಮ್ಮ ಹೊಲದಿಂದಲೇ ಕೊಡಬೇಕಾಗಿ ಬಂದಾಗ ಒಂದು ವಾರ ಬಾಗಿಲು ಹಾಕಿಕೊಂಡು, ಎಂಟನೆಯ ದಿನ ಹೊರಬರುವ ಜನ ಇವರು. ನಮ್ಮ ಸತ್ತವರು ಕೆಸರಿಗೆ ಬೀಳದೆ, ನಮ್ಮ ಬದುಕಿರುವವರು ಬಗ್ಗದೆ ನಡೆದು ಹೋಗುವಷ್ಟು ಅಗಲ ಈ ನೆಲದಲ್ಲಿ ಎಲ್ಲಿ ಉಳಿದಿದೆಯೋ ಅಲ್ಲೆಲ್ಲ ಇಂಥ ಒಬ್ಬರು ಕಾಯಿಬಿಟ್ಟ ಹತ್ತಿಯನ್ನು ಕಿತ್ತಿದ್ದಾರೆ. ಆ ದಾರಿಯಲ್ಲಿ ನಡೆಯುವಾಗ ನಾನೂ ಈಗ ನಟ್ಟನಡುವೆ ನಡೆಯುತ್ತೇನೆ.